ಜವರಮ್ಮನಿಗೆ ನಾನು ಬರೆದುಕೊಟ್ಟ ಚೀಟಿ

ಕೆಂಡದಲ್ಲಿ ಕಾಯಿಸಿದ ಹೆಂಚಿನ ಚೂರನ್ನು ಹಳೆಯ ಸೀರೆಯಲ್ಲಿ ಸುತ್ತಿ, ಕೂಸನ್ನು ಎತ್ತಿಕೊಂಡ ಹಾಗೆ ಸೊಂಟದ ಮೇಲಿಟ್ಟುಕೊಂಡು ಜವರಮ್ಮ ಹಿತ್ತಿಲ ಬಾಗಿಲಿನಿಂದ ಬರುತ್ತಿದ್ದಳು. ತಿಂಗಳಿಗೊಮ್ಮೆ, ನನಗೋಸ್ಕರ.

ರಾಜ್ಯ ಒಂದಾದ ಹೊಸತು. ಧಾರವಾಡದ ಕಡೆಯವಳಾದ ನಾನು ಹಳ್ಳಿಮೈಸೂರಿನ ಶಾಲೆಗೆ ಟೀಚರಾಗಿ ಬಂದಿದ್ದೆ. ಆಡುವುದು ಕನ್ನಡವೇ ಆದರೂ ನನ್ನ ಪಾಲಿಗೆ ಪರದೇಶವೇ. ಅಣ್ಣ ಕಟ್ಟಿಕೊಟ್ಟಿದ್ದ ನೋವಿನ ಮಾತ್ರೆಗಳು ಎರಡೇ ತಿಂಗಳಿಗೆ ಮುಗಿದವು. ಮೂರನೆಯ ತಿಂಗಳು ಹೊಟ್ಟೆ ಹಿಡಿದು ಗೋಡೆಗೆ ಆತು ಕೂತಿದ್ದಾಗ ಪಕ್ಕದ ಮನೆಯ ಜವರಮ್ಮ ಇಣುಕಿದಳು.

"ಒರಗಾದ್ರಾ ಮೇಷ್ಟ್ರಮ್ಮ?"

"ಹೌದ್ರೀ, ಗ್ವಾಡಿಗೆ ಒರಗೇನಿ" ಎಂದೆ.

ಅವಳು ಬಿದ್ದು ಬಿದ್ದು ನಕ್ಕಳು. "ಅಯ್ಯೋ ನಿಮ್ಮ! ಮುಟ್ಟಾದ್ರಾ ಅಂದೆ ಕಣವ್ವ!" ಈ ಕಡೆಯವರ ಬಾಯಲ್ಲಿ ಹೊರಗು ಒರಗಾಗುತ್ತದೆಂದು ನನಗೇನು ಗೊತ್ತು!

ಅವತ್ತಿನಿಂದ ನನ್ನ ವೈದ್ಯೆ ಅವಳೇ. ಹೊಕ್ಕುಳಿಗೆ ಹರಳೆಣ್ಣೆ, ಬಾಯಿಗೆ ಎಳ್ಳುಬೆಲ್ಲ ಕುಟ್ಟಿದ ಉಂಡೆ, ಕಿಬ್ಬೊಟ್ಟೆಗೆ ಆ ಹೆಂಚು. ಮೂರು ದಿನ ನನ್ನನ್ನು ಮುಟ್ಟಬಾರದೆಂದು ಬೀದಿಯ ಹೆಂಗಸರು ಆಡಿಕೊಂಡರೆ, "ಮುಟ್ಟುದ್ರೆ ನನ್ ಕೈಗೇನು ಉಳ ಬಿದ್ದೋಯ್ತದಾ? ಓಗ್ರೇ!" ಎಂದು ಬೈದು ಕಳಿಸುತ್ತಿದ್ದಳು.

ನಾಲ್ಕನೆಯ ವರ್ಷ ಅವಳಿಗೇ ಕಷ್ಟ ಬಂತು. ಮುಟ್ಟು ನಿಂತು ಎಷ್ಟೋ ಕಾಲವಾಗಿದ್ದವಳಿಗೆ ಮತ್ತೆ ರಕ್ತ, ಯಾವ ಹೆಂಚಿಗೂ ಬಗ್ಗದ ನೋವು. ಹೊಳೆನರಸೀಪುರದ ಡಾಕ್ಟರಿಗೆ ತೋರಿಸು ಎಂದೆ.

"ಗಂಡಸ್ರ ಮುಂದೆ ಎಂಗವ್ವ ಯೋಳ್ಲಿ? ಬಾಯೇ ಬರಕಿಲ್ಲ. ನೀವೇ ಎಲ್ಲಾನೂ ಬರ್ಕೊಡಿ, ಚೀಟಿ ಕೊಟ್ಟು ಸುಮ್ಕೆ ನಿಂತ್ಕತೀನಿ."

ಪೆನ್ನು ಹಿಡಿದೆ. ಆ ಮಾತು ಬರೆಯಲು ಕೈ ಬರಲಿಲ್ಲ. ಕಾಂಪೌಂಡರು ಓದುತ್ತಾನೆ, ಕೆಳಗೆ ನನ್ನ ಸಹಿ ಇರುತ್ತದೆ. ಮದುವೆಯಾಗದ ಟೀಚರು ಇಂಥದ್ದನ್ನೆಲ್ಲ ಬರೆದಳೆಂದರೆ? 'ಈಕೆಗೆ ಹೊಟ್ಟೆನೋವು, ದಯವಿಟ್ಟು ಔಷಧ ಕೊಡಿ' ಎಂದಷ್ಟೇ ಬರೆದೆ. ನನ್ನ ಮರ್ಯಾದೆಗಿಷ್ಟು ಬೆಂಕಿ ಹಾಕ!

ಅಜೀರ್ಣದ ಕೆಂಪು ಮಿಕ್ಚರು ಕೊಟ್ಟರು. ಐದು ತಿಂಗಳು ಅದನ್ನೇ ಕುಡಿದಳು. ಏಳಲಾರದ ಸ್ಥಿತಿಗೆ ಬಂದ ಮೇಲೆ ನಾನೇ ಹಾಸನಕ್ಕೆ ಕರೆದೊಯ್ದೆ. ಅಲ್ಲಿಯ ಲೇಡಿ ಡಾಕ್ಟರು ಪರೀಕ್ಷೆ ಮಾಡಿ, ಗರ್ಭಕೋಶದ ಹುಣ್ಣು ಕೈಮೀರಿದೆ, ಮೊದಲೇ ಯಾಕೆ ಹೇಳಲಿಲ್ಲ ಎಂದು ಗದರಿದರು.

"ಯೋಳಿದ್ದೆ ತಾಯಿ. ನಮ್ ಮೇಷ್ಟ್ರಮ್ಮ ಎಲ್ಲಾನೂ ಬರ್ಕೊಟ್ಟಿದ್ರು" ಎಂದಳು ಜವರಮ್ಮ, ಹೆಮ್ಮೆಯಿಂದ.

ಅವಳು ತೀರಿಕೊಳ್ಳುವ ಎರಡು ದಿನ ಮೊದಲು, ಹೇಳಿಯೇಬಿಡಬೇಕೆಂದು ಹೋಗಿ ಚಾಪೆಯ ಪಕ್ಕ ಕೂತೆ. ಬಾಯಿ ತೆರೆದರೆ ಅಳು ಬಂತು. ಅವಳು ನನ್ನ ಕೈ ಹಿಡಿದು, "ಯಾಕವ್ವ, ಮೊಕ ಇಂಗಾಗದೆ? ಏನಾಯ್ತು?" ಎಂದಳು.

"ಹೊಟ್ಟೆನೋವು" ಎಂದೆ.