ಎಲ್ಲರೂ ಕೊಂಡ ಗಿರ್ಮಿಟ್

ಬಿ.ಕಾಂ. ಮೊದಲ ಸೆಮಿಸ್ಟರಿನಲ್ಲಿ ನಮಗೆ ‘ವ್ಯವಹಾರದ ಮೂಲತತ್ವಗಳು’ ಅಂತ ಒಂದು ವಿಷಯವಿತ್ತು. ಅದರ ಪುಸ್ತಕದ ಮೊದಲ ಪಾಠದಲ್ಲೇ ‘ಗ್ರಾಹಕನೇ ದೇವರು’ ಎಂದು ದಪ್ಪಕ್ಷರದಲ್ಲಿ ಅಚ್ಚಾಗಿತ್ತು. ಆ ಮಾತನ್ನು ನಾನು ಪರೀಕ್ಷೆಯಲ್ಲಿ ಬರೆದಿದ್ದೇನೆ, ಅಂಕವನ್ನೂ ತೆಗೆದುಕೊಂಡಿದ್ದೇನೆ. ಈಗ ಯಾವುದಾದರೂ ಅಂಗಡಿಯ ಗೋಡೆಯ ಮೇಲೆ ಅದನ್ನು ಕಂಡರೆ ಹೇಸಿಗೆಯಾಗುತ್ತದೆ. ಅಂಥ ದೇವರುಗಳನ್ನು ನಾನು ಒಂದು ಬೆಳಗಿನಲ್ಲಿ ಸಾಲಾಗಿ ನೋಡಿದ್ದೇನೆ.

ಊರಿನ ಹೆಸರು ಹೇಳುವುದಿಲ್ಲ. ಹೇಳಿದರೆ ಪಕ್ಕದ ಊರಿನವರು ‘ನಮ್ಮಲ್ಲಿ ಹಾಗಿಲ್ಲಪ್ಪ’ ಎಂದು ಮೀಸೆ ತಿರುವಿಕೊಳ್ಳುತ್ತಾರೆ. ಧಾರವಾಡ ಜಿಲ್ಲೆಯ ಕರಿನೆಲದ ಒಂದು ತಾಲೂಕು ಊರು ಅಂದರೆ ಸಾಕು. ಅದರ ಅಂಚಿನ ಕೇರಿಯಲ್ಲಿ ನಮ್ಮ ಮನೆ. ನಾವು ದಲಿತರು. ಮನೆಯಲ್ಲಿ ಅವ್ವ ಮತ್ತು ನಾನು, ಇಬ್ಬರೇ. ಅವ್ವ ಬೆಳಿಗ್ಗೆ ಕಳೆ ಕೀಳುವ ಕುರ್ಚಿಗಿ ಹಿಡಿದು ಕೇರಿಯ ಹೆಂಗಸರ ಜೊತೆ ಟಂಟಂ ಗಾಡಿ ಹತ್ತಿ, ಮೊರಬದ ಕಡೆಯ ಹೊಲಗಳಿಗೆ ಕಸ ತೆಗೆಯಲು ಹೋಗುತ್ತಿದ್ದಳು. ಸಂಜೆ ಸೊಂಟ ಹಿಡಿದುಕೊಂಡು ಇಳಿಯುತ್ತಿದ್ದಳು.

ಅವಳಿಗೆ ಒಂದೇ ಆಸೆ. ಬಸ್ ನಿಲ್ದಾಣದ ಬಾಜು ಒಂದು ಗಿರ್ಮಿಟ್ ಗಾಡಿ ಹಾಕಬೇಕು, ಬಗ್ಗಿ ದುಡಿಯುವುದನ್ನು ಬಿಟ್ಟು ನಿಂತು ದುಡಿಯಬೇಕು. ಅದು ಬರೀ ಆಸೆಯಲ್ಲ. ಅವಳ ಗಿರ್ಮಿಟ್ ನಿಜಕ್ಕೂ ಅಷ್ಟು ರುಚಿಯಾಗಿರುತ್ತಿತ್ತು. ಉಳ್ಳಾಗಡ್ಡಿ, ಟೊಮೆಟೊ, ಹುಣಸೆಹುಳಿ ಹಾಕಿ ಕುದಿಸಿದ ಮಸಾಲೆಗೆ ಚುರುಮುರಿ ಕಲೆಸಿ, ಮೇಲೆ ಪುಟಾಣಿ ಹಿಟ್ಟು, ಹಸಿ ಉಳ್ಳಾಗಡ್ಡಿ, ಶೇವು ಉದುರಿಸಿ, ಪಕ್ಕಕ್ಕೆ ಕರಿದ ಮೆಣಸಿನಕಾಯಿ ಇಟ್ಟು ಕೊಟ್ಟರೆ ನಮ್ಮ ಕೇರಿಯಲ್ಲಿ ಮಾತು ನಿಲ್ಲುತ್ತಿತ್ತು. ಗಿರ್ಮಿಟ್‌ಗೆ ಒಂದು ಗುಣವಿದೆ. ಕಲೆಸಿದ ಕೂಡಲೇ ತಿನ್ನಬೇಕು. ಸ್ವಲ್ಪ ತಡವಾದರೂ ಚುರುಮುರಿ ಮೆತ್ತಗಾಗಿ ಬಾಯಿಗೆ ಹಿಡಿಸುವುದಿಲ್ಲ.

ವ್ಯವಹಾರದ ಪಾಠ ಮಾಡುತ್ತಿದ್ದ ನಮ್ಮ ಸರ್ ಇಸ್ತ್ರಿ ಮುರಿಯದ ಅಂಗಿಯ ಮನುಷ್ಯ. ವ್ಯಾಪಾರಕ್ಕೆ ನಾಲ್ಕು ಸಂಗತಿ ಮುಖ್ಯ ಎಂದು ಬೋರ್ಡಿನ ಮೇಲೆ ಬರೆಯುತ್ತಿದ್ದರು: ಸರಕು, ಬೆಲೆ, ಸ್ಥಳ, ಪ್ರಚಾರ. ಈ ನಾಲ್ಕು ಸರಿಯಿದ್ದರೆ ಕಲ್ಲನ್ನೂ ಮಾರಬಹುದಂತೆ. ನಾನು ಅದನ್ನು ಭಕ್ತಿಯಿಂದ ಬರೆದುಕೊಂಡು ಬಂದು ಒಲೆಯ ಮುಂದೆ ಕೂತ ಅವ್ವನಿಗೆ ಪಾಠ ಹೇಳುತ್ತಿದ್ದೆ.

“ಅಂದ್ರ ಗಾಡಿ ಎಲ್ಲಿ ನಿಲ್ಲಿಸಬೇಕು ಅನ್ನೂದನ್ನೂ ಪುಸ್ತಕದಾಗ ಬರದಾರ?” ಎಂದು ಅವ್ವ ಕೇಳಿದಳು.

“ಬರದಾರ ಬೇ. ಜನ ಓಡ್ಯಾಡೋ ಜಾಗಾದಾಗ ನಿಲ್ಲಿಸಬೇಕಂತ.”

“ಅದನ್ನ ನಾ ಆಗಲೇ ಹೇಳಿದ್ನಲ್ಲ,” ಎಂದು ನಕ್ಕಳು. ಆದರೂ ಪುಸ್ತಕ ಹೇಳಿತು ಎಂದ ಮೇಲೆ ಅವಳಿಗೆ ಧೈರ್ಯ ಬಂದಿತ್ತು. ನನಗಂತೂ ಬಂದೇ ಬಂದಿತ್ತು.

ಸೆಮಿಸ್ಟರ್ ಮುಗಿಯುವ ಮೊದಲು ಕಾಲೇಜಿನ ಅಂಗಳದಲ್ಲಿ ‘ವ್ಯಾಪಾರ ದಿನ’ ಮಾಡಬೇಕೆಂದು ಸರ್ ಆದೇಶ ಹೊರಡಿಸಿದರು. ನಾವು ಗುಂಪು ಗುಂಪಾಗಿ ಮಳಿಗೆ ಹಾಕಬೇಕು, ಅದಕ್ಕೆ ಅಂಕ. ಪ್ರಾಚಾರ್ಯರ ಮುಂದೆ ಮರ್ಯಾದೆ ಹೋಗಬಾರದೆಂದು ಇನ್ನೊಂದು ಕಟ್ಟಪ್ಪಣೆಯನ್ನೂ ಮಾಡಿದರು: ಕಾಲೇಜಿನ ಪ್ರತಿಯೊಬ್ಬರೂ ಪ್ರತಿ ಮಳಿಗೆಯಲ್ಲಿ ಒಂದು ಸಲವಾದರೂ ಏನಾದರೂ ಕೊಳ್ಳಲೇಬೇಕು. ಕೊಳ್ಳಲೇಬೇಕು ಅಂದ ಮೇಲೆ ಅದೆಂಥ ವ್ಯಾಪಾರ ಎಂದು ಯಾರೂ ಕೇಳಲಿಲ್ಲ. ನಾನೂ ಕೇಳಲಿಲ್ಲ, ಖುಷಿಯಲ್ಲಿದ್ದೆ.

ಹಾಜರಿ ಸಂಖ್ಯೆಯ ಪ್ರಕಾರ ನಮ್ಮ ಗುಂಪಿನಲ್ಲಿ ಮೂವರು. ಒಬ್ಬಳು ನನ್ನ ಗೆಳತಿ, ಊರೊಳಗೆ ಬಟ್ಟೆ ಅಂಗಡಿ ಇಟ್ಟಿದ್ದ ಮುಸ್ಲಿಂ ಮನೆಯವಳು. ನಮ್ಮ ಮನೆಗೆ ಬಂದರೆ ನೇರ ಅಡುಗೆ ಒಲೆಗೇ ಹೋಗಿ ಬೋಗುಣಿಯ ಮುಚ್ಚಳ ತೆಗೆಯುವಂಥವಳು. ಇನ್ನೊಬ್ಬಳು ಊರೊಳಗಿನ ಹೊಲಮನೆಯವರ ಹುಡುಗಿ. ಗಿರ್ಮಿಟ್ ಮಾಡೋಣ, ಅವ್ವ ಮಸಾಲೆ ಮಾಡಿಕೊಡುತ್ತಾಳೆ ಎಂದಾಗ ಈ ಮೂರನೆಯವಳು ಉಗುರು ನೋಡಿಕೊಳ್ಳುತ್ತ, “ನಿಮ್ಮ ಮನ್ಯಾಗ ಯಾಕ ತ್ರಾಸ ಮಾಡ್ಕೋತೀರಿ? ಹುಬ್ಬಳ್ಳಿಂದ ಚಿಪ್ಸ್ ಪಾಕೀಟ್ ತಂದು ಮಾರೂಣು,” ಅಂದಳು. ಪಾಪ, ನಮ್ಮ ತ್ರಾಸದ ಬಗ್ಗೆ ಎಷ್ಟು ಕಾಳಜಿ ಎಂದುಕೊಂಡೆ ನಾನು!

ಪ್ರಚಾರದ ಪಾಠದಲ್ಲಿ ಸರ್ ಹೇಳಿದ್ದರು, ನಿಮ್ಮ ಸರಕಿನ ವಿಶೇಷ ಏನೋ ಅದನ್ನು ಗ್ರಾಹಕನಿಗೆ ಕಾಣುವಂತೆ ಬರೆಯಿರಿ, ಮನೆಯಲ್ಲಿ ಮಾಡಿದ್ದು ಅಂದರೆ ಜನ ಮುಗಿಬೀಳುತ್ತಾರೆ ಎಂದು. ನಾನು ದೊಡ್ಡ ಹಾಳೆಯ ಮೇಲೆ ಬಣ್ಣದ ಪೆನ್ನಿನಲ್ಲಿ ಬರೆದೆ: ‘ನಮ್ಮ ಅವ್ವ ಮನೆಯಲ್ಲಿ ಮಾಡಿದ ಗಿರ್ಮಿಟ್’. ಕೆಳಗೆ ನನ್ನ ಹೆಸರು. ಯಾರ ಅವ್ವ, ಯಾವ ಮನೆ ಎಂದು ಆ ಊರಿನಲ್ಲಿ ಯಾರಿಗೂ ಬಿಡಿಸಿ ಹೇಳುವ ಅಗತ್ಯವಿರಲಿಲ್ಲ.

ಆ ದಿನ ಅವ್ವ ಕೋಳಿ ಕೂಗುವ ಮೊದಲೇ ಎದ್ದು ಮಸಾಲೆ ಕುದಿಸಿದಳು. ಟಂಟಂಗೆ ಹೊತ್ತಾಗುತ್ತದೆ ಎಂದು ಹೊರಗಿನಿಂದ ಕೂಗುತ್ತಿದ್ದರೂ ಉಪ್ಪು ನೋಡಿ, ಹುಳಿ ನೋಡಿ, ಮತ್ತೆ ಬೆಲ್ಲ ಹಾಕಿದಳು. ಬೋಗುಣಿಗೆ ಬಟ್ಟೆ ಕಟ್ಟುತ್ತ ಹೇಳಿದಳು: “ನಾಳಿಗಿ ಬರೂದಿಲ್ಲಂತ ಟಂಟಂ ಅಂವಗ ಹೇಳೇನಿ. ಸಂತಿ ಬಾಜು ಒಬ್ರು ಹಳೇ ಗಾಡಿ ಮಾರತಾರಂತ. ಇವತ್ತ ನಿಮ್ಮ ಕಾಲೇಜಿನ ಮಂದಿ ತಿಂದ್ರ, ನಾಳೆ ಹೋಗಿ ನೋಡ್ಕೊಂಡ ಬರೂಣು.”

“ತಿಂತಾರ ಬಿಡ ಬೇ,” ಅಂದೆ ನಾನು.

ಮಳಿಗೆ ತೆರೆದ ಕೂಡಲೇ ಜನ ಬಂದರು. ನನಗೆ ನಂಬಲಿಕ್ಕೇ ಆಗಲಿಲ್ಲ. ಆ ಕಡೆ ಭಜಿ ಮಳಿಗೆ, ಈ ಕಡೆ ಕಬ್ಬಿನ ಹಾಲಿನ ಮಳಿಗೆ, ಎರಡೂ ಖಾಲಿ ನಿಂತಿದ್ದವು. ಎಲ್ಲರೂ ಮೊದಲು ನಮ್ಮ ಹತ್ತಿರವೇ ಬಂದರು. ಯಾರೂ ಚೌಕಾಸಿ ಮಾಡಲಿಲ್ಲ, ಶೇವು ಇನ್ನಷ್ಟು ಹಾಕು ಎಂದು ಕೈ ಚಾಚಲಿಲ್ಲ. ಹಣ ಕೊಟ್ಟು, ಕಾಗದದ ತಟ್ಟೆ ಹಿಡಿದು, ನಕ್ಕು ಹೋದರು. ಅಷ್ಟು ಸಭ್ಯ ಗಿರಾಕಿಗಳನ್ನು ನಮ್ಮ ಕಡೆ ನಾನು ಅಲ್ಲಿಯವರೆಗೆ ಕಂಡಿರಲಿಲ್ಲ, ಆಮೇಲೂ ಕಂಡಿಲ್ಲ. ನಾನು ಕಲೆಸುತ್ತಿದ್ದೆ, ಗೆಳತಿ ಕೊಡುತ್ತಿದ್ದಳು, ಮೂರನೆಯವಳು ಹಣ ತೆಗೆದುಕೊಳ್ಳುತ್ತಿದ್ದಳು. ತಿನ್ನೇ ಒಂದಿಷ್ಟು ಎಂದರೆ, “ಇವತ್ತ ನಂದು ವಾರ ಐತಿ,” ಅಂದಳು. ವಾರ ಅಂದರೆ ಉಪವಾಸ.

ಸರ್ ಬಂದರು. ಒಬ್ಬ ಹಿರಿಯ ವಿದ್ಯಾರ್ಥಿ ಮೊಬೈಲಿನಲ್ಲಿ ವಿಡಿಯೋ ಮಾಡುತ್ತ ಹಿಂದೆಯೇ ಬಂದ. ಸರ್ ತಟ್ಟೆಯನ್ನು ಎದೆಯ ಮಟ್ಟಕ್ಕೆ ಹಿಡಿದು ಕ್ಯಾಮೆರಾ ನೋಡಿ, “ಇದು ನೋಡ್ರಿ ಮನೀ ರುಚಿ! ಅಗದಿ ಮಸ್ತ್ ಆಗೇತಿ!” ಎಂದರು. ಆಮೇಲೆ ಆ ಹುಡುಗ ಒಬ್ಬೊಬ್ಬರ ಮುಂದೆ ಮೊಬೈಲ್ ಹಿಡಿದ. ಎಲ್ಲರೂ ತಟ್ಟೆ ತೋರಿಸಿ ಹೊಗಳಿದರು. ಒಬ್ಬಳಂತೂ ಕಣ್ಣು ಮುಚ್ಚಿ ತಲೆದೂಗಿದಳು. ನನ್ನ ಎದೆ ಉಬ್ಬಿತ್ತು. ನಲ್ಲಿಯ ಹತ್ತಿರ ಕೈ ತೊಳೆಯಲು ಸಾಲು ನಿಂತದ್ದನ್ನು ನೋಡಿದೆ, ಎಣ್ಣೆ ಖಾರ ಅಂಟಿರಬೇಕು ಎಂದುಕೊಂಡೆ. ಗೆಳತಿ ಮಾತ್ರ ಒಂದು ಮಾತು ಅಂದಳು: “ಎರಡನೇ ಪ್ಲೇಟ್ ಕೇಳಾಕ ಒಬ್ರೂ ಬರವಲ್ರಲ್ಲ ಲೇ.”

ಮಧ್ಯಾಹ್ನಕ್ಕೆ ಮೊದಲೇ ನಮ್ಮ ಬೋಗುಣಿ ಖಾಲಿಯಾಯಿತು. ಉಳಿದ ಮಳಿಗೆಗಳಲ್ಲಿ ಆಗ ನಿಜವಾದ ಗದ್ದಲ ಶುರುವಾಗಿತ್ತು, ಬೈದಾಟ, ನಗು, ಇನ್ನೊಂದು ಭಜಿ ಹಾಕೋ ಎಂಬ ಕೂಗು. ವಾರ ಹಿಡಿದಿದ್ದ ನಮ್ಮ ಮೂರನೆಯವಳೂ ಅಲ್ಲಿ ನಿಂತು ಮಿರ್ಚಿ ಭಜಿ ಕಚ್ಚುತ್ತಿದ್ದಳು. ಅವಳ ಉಪವಾಸ ನಮ್ಮ ಮಳಿಗೆಯ ಮೇಜು ದಾಟಿದ ಕೂಡಲೇ ಮುಗಿದಿತ್ತು. ಆಗ ನನಗೆ ಎಲ್ಲೋ ಚುಚ್ಚಿತು. ಆದರೂ ಬೋಗುಣಿ ತೊಳೆಯೋಣ ಎಂದು ಗೆಳತಿಯ ಜೊತೆ ಶೌಚಾಲಯದ ಹಿಂದಿನ ತೊಟ್ಟಿಯ ಕಡೆ ಹೋದೆ.

ಕಾಂಪೌಂಡ್ ಗೋಡೆಯ ಬುಡದಲ್ಲಿ ನಮ್ಮ ತಟ್ಟೆಗಳು ಬಿದ್ದಿದ್ದವು. ಒಂದೆರಡಲ್ಲ, ಗುಡ್ಡೆ. ಕೆಲವನ್ನು ಮರ್ಯಾದೆಯಿಂದ ಒಂದರ ಮೇಲೊಂದು ಇಟ್ಟಿದ್ದರು, ಕೆಲವನ್ನು ದೂರದಿಂದಲೇ ಬೀಸಿ ಒಗೆದಿದ್ದರು. ಮೇಲೆ ಉದುರಿಸಿದ ಶೇವು ಎಷ್ಟೋ ತಟ್ಟೆಗಳಲ್ಲಿ ಉದುರಿಸಿದ ಹಾಗೆಯೇ ಇತ್ತು. ಹಂದಿಗಳು ಮೂತಿ ಹಾಕಿ ಚಪ್ಪರಿಸುತ್ತಿದ್ದವು. ಉಚ್ಚೆಯ ನಾತದ ನಡುವೆ ಅವ್ವನ ಮಸಾಲೆಯ ವಾಸನೆ ಬಂತು. ಅಲ್ಲಿಯೇ ಗೋಡೆ ಹಿಡಿದು ವಾಂತಿ ಮಾಡಿಕೊಂಡೆ. ಇವತ್ತಿಗೂ ಆ ಎರಡು ವಾಸನೆಗಳನ್ನು ನನ್ನ ಮೂಗು ಬೇರೆ ಮಾಡಲಾರದು.

ಮುಖಕ್ಕೆ ಹೊಡೆದಂತೆ ‘ನಿಮ್ಮ ಮನೆಯದು ಬೇಡ’ ಅಂದಿದ್ದರೆ ನಾನೂ ಬಾಯಿಗೆ ಬಂದಂತೆ ಬೈದು ಬರುತ್ತಿದ್ದೆ. ನಮ್ಮ ಅಜ್ಜಿಯ ಕಾಲದಲ್ಲಿ ಚಹಾದಂಗಡಿಯವರು ಹೊರಗೆ ಬೇರೆ ಕಪ್ಪು ಇಡುತ್ತಿದ್ದರಂತೆ. ಆ ಕಪ್ಪಿಗೆ ನಾಚಿಕೆಯಿರಲಿಲ್ಲ, ಎಲ್ಲರಿಗೂ ಕಾಣುವ ಹಾಗೆ ತೂಗುತ್ತಿತ್ತು. ಇವರು ಓದಿದವರು. ಹಣ ಕೊಡುತ್ತಾರೆ, ನಗುತ್ತಾರೆ, ವಿಡಿಯೋದಲ್ಲಿ ಹೊಗಳುತ್ತಾರೆ, ಹಿಂದೆ ಹೋಗಿ ಹಂದಿಗೆ ಹಾಕುತ್ತಾರೆ, ಕೈ ತೊಳೆದುಕೊಂಡು ಭಜಿ ತಿನ್ನುತ್ತಾರೆ. ಮೊದಲು ನಮ್ಮ ಮಳಿಗೆಗೆ ಯಾಕೆ ಬಂದರೆಂದು ಆಗ ತಿಳಿಯಿತು. ಈ ಕೆಲಸ ಮುಗಿಸಿಕೊಂಡು ಆಮೇಲೆ ನಿಶ್ಚಿಂತೆಯಿಂದ ತಿನ್ನುವುದಕ್ಕೆ. ಉಂಡೂ ಹೋದ, ಕೊಂಡೂ ಹೋದ ಎನ್ನುತ್ತಾರೆ. ಇವರು ಕೊಂಡು ಹೋದರು, ಉಣ್ಣಲಿಲ್ಲ.

“ನೋಡಬ್ಯಾಡ, ಬಾ ಲೇ,” ಎಂದು ಗೆಳತಿ ನನ್ನ ತೋಳು ಹಿಡಿದು ಎಳೆದಳು. ಅವಳ ಕಣ್ಣಲ್ಲೂ ನೀರಿತ್ತು. ನಾನು ಹೋಗಲಿಲ್ಲ, ನೇರ ಸರ್ ಹತ್ತಿರ ಹೋದೆ.

“ಸರ್, ಸ್ವಲ್ಪ ಹಿಂದ ಬಂದು ನೋಡ್ರಿ. ಒಬ್ರೂ ತಿಂದಿಲ್ರಿ. ಎಲ್ಲಾ ಹಂದಿಗಿ ಹಾಕ್ಯಾರ್ರಿ.”

ಸರ್ ಬರಲಿಲ್ಲ. ಏನು, ಎಲ್ಲಿ ಎಂದು ಕೇಳಲೂ ಇಲ್ಲ. ಕೇಳದೇ ಇದ್ದದ್ದರಲ್ಲೇ ಅವರ ತಟ್ಟೆ ಎಲ್ಲಿಗೆ ಹೋಗಿತ್ತು ಎಂಬುದು ಗೊತ್ತಾಯಿತು. ದನಿ ತಗ್ಗಿಸಿ, “ರೊಕ್ಕ ಬಂತಿಲ್ಲ? ಮಾರಾಟ ಆದ ಮ್ಯಾಲ ಗಿರಾಕಿ ಅದನ್ನ ಏನ ಮಾಡ್ತಾನ ಅನ್ನೂದು ಅವನ ಹಕ್ಕು. ವ್ಯವಹಾರದಾಗ ಇದನ್ನೆಲ್ಲ ಮನಸಿಗಿ ಹಚ್ಕೋಬಾರದವಾ,” ಎಂದರು. ಬೆನ್ನು ತಟ್ಟಲು ಎತ್ತಿದ ಕೈಯನ್ನು ಹಾಗೆಯೇ ಇಳಿಸಿಕೊಂಡರು.

ಸಂಜೆಯ ಸಭೆಯಲ್ಲಿ ಎಲ್ಲರಿಗಿಂತ ಮೊದಲು ಸರಕು ಖಾಲಿ ಮಾಡಿದವರೆಂದು ನಮಗೇ ಬಹುಮಾನ. ಸರಕು ಒಂದಿಷ್ಟೂ ವ್ಯರ್ಥವಾಗದ ಮಳಿಗೆ ಎಂದು ಸರ್ ಮೈಕಿನಲ್ಲಿ ಹೊಗಳಿದರು. ಒಂದಿಷ್ಟೂ ವ್ಯರ್ಥವಾಗದ! ಚಪ್ಪಾಳೆ ಹೊಡೆದವರಲ್ಲಿ ಒಬ್ಬರಾದರೂ ತಲೆ ತಗ್ಗಿಸುತ್ತಾರೇನೋ ಎಂದು ನಾನು ವೇದಿಕೆಯಿಂದ ನೋಡಿದೆ. ಎಲ್ಲರೂ ಹಲ್ಲು ಬಿಟ್ಟುಕೊಂಡು ಚಪ್ಪಾಳೆ ಹೊಡೆಯುತ್ತಿದ್ದರು. ಕೈಗೆ ಒಂದು ಸ್ಟೀಲ್ ಡಬ್ಬಿ ಕೊಟ್ಟರು.

ಅವ್ವ ಟಂಟಂ ಇಳಿದು ಬಂದವಳು ಕಾಲು ಕೂಡ ತೊಳೆಯದೆ, “ತಿಂದ್ರ?” ಎಂದು ಕೇಳಿದಳು.

ಎಷ್ಟು ಮಾರಿತು ಎಂದು ಕೇಳಿದ್ದರೆ ಉತ್ತರವಿತ್ತು. “ಎಲ್ಲಾ ಖಾಲಿ ಆತು,” ಎಂದು ಡಬ್ಬಿ ಕೊಟ್ಟೆ. ಡಬ್ಬಿಯನ್ನು ಸೆರಗಿನಲ್ಲಿ ಒರೆಸಿ ದೇವರ ಪಟದ ಮುಂದಿಟ್ಟಳು. ಅಷ್ಟರಲ್ಲಿ ತರಗತಿಯ ವಾಟ್ಸಾಪ್ ಗುಂಪಿನಿಂದ ಆ ವಿಡಿಯೋ ನನ್ನ ಮೊಬೈಲಿಗೆ ಬಂತು. ಸರ್ ದನಿ ಕೇಳಿ ಅವ್ವ ಓಡಿ ಬಂದು ಪಕ್ಕಕ್ಕೆ ಕೂತಳು. ಮನೆಯ ರುಚಿ ಎಂದಾಗ ಬಾಯಿಗೆ ಸೆರಗು ಮುಚ್ಚಿಕೊಂಡು ನಕ್ಕಳು. ಮುಗಿದ ಮೇಲೆ ಇನ್ನೊಮ್ಮೆ ಹಾಕು ಅಂದಳು. ಮತ್ತೊಮ್ಮೆ ಹಾಕು ಅಂದಳು. ಈ ಸಲ ನಗಲಿಲ್ಲ, ಮೊಬೈಲನ್ನು ಹತ್ತಿರ ಹಿಡಿದು ನೋಡಿದಳು.

“ಎಲ್ಲಾರೂ ಹಿಡ್ಕೊಂಡ ನಿಂತಾರಲ್ಲ. ತಿನ್ನೂದು ಎಲ್ಲಿ ಐತಿ ಇದರಾಗ?”

ನಾನು ಮೊಬೈಲ್ ಇಸಿದುಕೊಳ್ಳಲು ಕೈ ಚಾಚಿದೆ, ಅವಳು ಬಿಡಲಿಲ್ಲ.

“ಗಿರ್ಮಿಟ್ ಹಿಡ್ಕೊಂಡ ಅಷ್ಟೊತ್ತ ಯಾರ ಮಾತಾಡ್ತಾರ? ಮೆತ್ತಗಾಗೂದಿಲ್ಲೇನು?”

ಆಗ ಹೇಳಿಬಿಟ್ಟೆ. ಗೋಡೆಯ ಬುಡ, ತಟ್ಟೆಗಳು, ನಲ್ಲಿ, ಸರ್ ಅಂದ ಮಾತು, ಎಲ್ಲವನ್ನೂ ಅಳುತ್ತ, ಬೈಯುತ್ತ ಹೇಳಿದೆ. ಅವ್ವ ಅಳಲೂ ಇಲ್ಲ, ಬೈಯಲೂ ಇಲ್ಲ. ಕಾಲಿನ ಒಣಗಿದ ಮಣ್ಣನ್ನು ಉಗುರಿನಿಂದ ಕೀಳುತ್ತ ಕೂತಿದ್ದಳು. ಆಮೇಲೆ ಕೇಳಿದಳು:

“ಹಂದಿ ತಿಂದ್ವೇನು?”

“ತಿಂದ್ವು. ಮೆಣಸಿನಕಾಯಿ ಒಂದ ಬಿಟ್ಟು ಎಲ್ಲಾ ತಿಂದ್ವು.”

“ಹಂಗಾರ ಮಸಾಲಿ ಕೆಟ್ಟಿರಲಿಲ್ಲ ಬಿಡು.”

ಎದ್ದು ಹೋಗಿ ಮೂಲೆಯಲ್ಲಿದ್ದ ಕುರ್ಚಿಗಿಯನ್ನು ತಂದು ಬಾಗಿಲ ಬಳಿ ಇಟ್ಟಳು. ಆಮೇಲೆ ನನ್ನ ಕಡೆ ನೋಡದೆ ಅಂದಳು: “ಟಂಟಂ ಅಂವಗ ಫೋನ್ ಹಚ್ಚು. ನಾಳೆ ಬರ್ತೀನಂತ ಹೇಳು.”

ನಾನು ಫೋನ್ ಹಚ್ಚಿದೆ.