ಹಟ್ಟಿ ಎಂದು ಹೆಸರಿಟ್ಟ ಬ್ಯಾಚು

ನಾನು ಪಾಠ ಹೇಳುವ ಅಕಾಡೆಮಿಯಲ್ಲಿ, ತರಬೇತಿ ಮುಗಿಸಿ ಹೊರಡುವ ಪ್ರತಿ ಬ್ಯಾಚಿಗೂ ಒಂದು ಹೆಸರಿಡುತ್ತಾರೆ. ಅಕಾಡೆಮಿ ಅಂದರೆ ಸೈನ್ಯದ ದೊಡ್ಡ ಅಕಾಡೆಮಿ ಅಂದುಕೊಳ್ಳಬೇಡಿ. ಅಲ್ಲಿಗೆ ಹೋಗಿ ಅಧಿಕಾರಿಯಾಗಬೇಕೆಂದು ಆಸೆಪಟ್ಟವರನ್ನು ಆಯ್ಕೆ ಮಂಡಳಿಯ ಮುಂದೆ ನಿಲ್ಲಲು ತಯಾರು ಮಾಡುವ ಖಾಸಗಿ ಜಾಗ ಇದು. ಗಡಹಿಂಗ್ಲಜದ ಹೊರಗೆ ಕಬ್ಬಿನ ಹೊಲಗಳ ನಡುವೆ ಒಂದು ತಗಡಿನ ಶೆಡ್ಡು, ಓಡಲು ಒಂದು ಮೈದಾನ, ಹತ್ತಿ ಇಳಿಯಲು ಒಂದು ಹಗ್ಗ. ನಾನು ಹಗ್ಗದ ಕಡೆಯವಳಲ್ಲ. ನನ್ನದು ಗುಂಪು ಚರ್ಚೆಯ ಪಾಠ.

ಹೆಸರಿಡುವ ಪದ್ಧತಿ ತಂದವರು ಅಕಾಡೆಮಿ ನಡೆಸುವ ನಿವೃತ್ತ ಸುಭೇದಾರರು. ಮಹಾಗಾಂವದವರು, ಮರಾಠಿ ಕನ್ನಡ ಎರಡರಲ್ಲೂ ಆಜ್ಞೆ ಮಾಡಬಲ್ಲವರು. ಬೇರೆ ಯಾವುದೋ ದೇಶದ ಸೈನಿಕ ಅಕಾಡೆಮಿಯಲ್ಲಿ ವರ್ಷವರ್ಷ ಹೊರಬೀಳುವ ತಂಡಕ್ಕೆ ಒಂದು ಹೆಸರಿಡುತ್ತಾರೆ, ಆ ತಂಡದವರು ಸಾಯುವ ತನಕ ಅದೇ ಹೆಸರಿನಿಂದ ಒಬ್ಬರನ್ನೊಬ್ಬರು ಗುರುತಿಸುತ್ತಾರೆ ಎಂದು ಮೊಬೈಲಿನಲ್ಲಿ ನೋಡಿದರಂತೆ. ನಮ್ಮ ದೇಶದಲ್ಲಿ ಕೋರ್ಸಿಗೆ ನಂಬರು ಇರುತ್ತದೆ. ಅದು ಅವರಿಗೆ ಸಾಲದಾಯಿತು.

"ನಂಬರ್ ಇದ್ರ ಏನ ತಪ್ಪ್ರಿ ಸಾಹೇಬ್ರ?" ಎಂದು ಮೊದಲ ವರ್ಷವೇ ಕೇಳಿದ್ದೆ.

"ನಂಬರ್ ಎಮ್ಮಿಗೂ ಇರತೈತ್ರಿ ಮ್ಯಾಡಂ, ಕಿವ್ಯಾಗ."

"ಎಮ್ಮಿಗೆ ಹೆಸರೂ ಇರತೈತಲ್ರಿ."

ಅವರು ಟೋಪಿ ತೆಗೆದು ತಲೆ ಕೆರೆದುಕೊಂಡರು. "ನಿಮ್ಮ ಜೋಡಿ ಮಾತಾಡೂದಂದ್ರ ಮೊಳಕಾಲ ಊರಿ ಗುಡ್ಡಾ ಏರಿಧಂಗ ನೋಡ್ರಿ."

ವಾದಕ್ಕೆಂದು ಒಪ್ಪೋಣ, ಹೆಸರಿನಿಂದ ಹುರುಪು ಬರುತ್ತದೆ ಎಂದು. ಹಾಗಾದರೆ 'ಅಜಿಂಕ್ಯ', ಅಂದರೆ ಸೋಲಿಲ್ಲದವರು, ಎಂದು ಹೆಸರಿಟ್ಟುಕೊಂಡು ಹೋದ ಬ್ಯಾಚಿನಲ್ಲಿ ಒಬ್ಬನೂ ಯಾಕೆ ದಾಟಲಿಲ್ಲ? 'ರಣಗರ್ಜನಾ' ಬ್ಯಾಚಿನ ಇಬ್ಬರು ಮಂಡಳಿಯ ಮುಂದೆ ಬಾಯಿಯೇ ಬಿಡದೆ ವಾಪಸು ಬಂದದ್ದು ಹೇಗೆ? ಇದನ್ನೆಲ್ಲ ನಾನು ಕೇಳಿದ್ದೇನೆ. ಉತ್ತರ ಬರುವುದಿಲ್ಲ, ಚಹಾ ಬರುತ್ತದೆ. ಕೇಳಿ ಕೇಳಿ ನನಗೂ ಬೇಸರ ಬಂದು, ಈಗ ಹೆಸರಿಡುವ ದಿನ ಸುಮ್ಮನೆ ಹಿಂದಿನ ಕುರ್ಚಿಯಲ್ಲಿ ಕೂತುಬಿಡುತ್ತೇನೆ.

ಬೇಸರಕ್ಕೆ ಬೇರೆ ಕಾರಣವೂ ಇದೆ. ನನ್ನ ಮನೆ ಇಚಲಕರಂಜಿಯಲ್ಲಿ. ಅಪ್ಪ ವಿದ್ಯುತ್ ಮಗ್ಗದ ಕೆಲಸಕ್ಕೆಂದು ಜಮಖಂಡಿಯ ಕಡೆಯಿಂದ ಬಂದು ಅಲ್ಲೇ ಉಳಿದವರು. ಗೋಡೆಯಾಚೆ ಹಗಲಿಡೀ ಮಗ್ಗ ಬಡಿಯುವ ಓಣಿಯಲ್ಲಿ ಬೆಳೆದವರು ಉಪ್ಪು ಕೇಳುವುದನ್ನೂ ಕೂಗಿಯೇ ಕೇಳುತ್ತಾರೆ. ಆ ಗಂಟಲನ್ನು ತೆಗೆದುಕೊಂಡು ಕೊಲ್ಹಾಪುರದ ಕಾಲೇಜಿಗೆ ಹೋದೆ, ಚರ್ಚಾಸ್ಪರ್ಧೆಗಳಲ್ಲಿ ಗೆದ್ದೆ, ಗೆದ್ದ ಮೇಲೆ ಅದರಿಂದ ಏನು ಮಾಡಬೇಕು ಎಂದು ಯಾರೂ ಹೇಳಲಿಲ್ಲ. ಈಗ ವಾರಕ್ಕೆ ಮೂರು ದಿನ ಮಹಾರಾಷ್ಟ್ರ ಸರ್ಕಾರದ ಕೆಂಪು ಎಸ್.ಟಿ. ಬಸ್ಸು ಹಿಡಿಯುತ್ತೇನೆ. ನಿಪ್ಪಾಣಿಯಲ್ಲಿ ಒಮ್ಮೆ ಕರ್ನಾಟಕ ಹೊಕ್ಕು, ನಿದ್ದೆ ಹತ್ತುವಷ್ಟರಲ್ಲಿ ಮತ್ತೆ ಮಹಾರಾಷ್ಟ್ರಕ್ಕೆ ಬೀಳುತ್ತೇನೆ. ಗಡಹಿಂಗ್ಲಜದಲ್ಲಿ ಇಳಿದಾಗ ಸೊಂಟ ಒಂದು ರಾಜ್ಯದ್ದು, ಕುತ್ತಿಗೆ ಇನ್ನೊಂದು ರಾಜ್ಯದ್ದು ಅನ್ನಿಸುತ್ತದೆ.

ಹೋದ ವರ್ಷದ ಬ್ಯಾಚಿನಲ್ಲಿ ನೂಲ ಎಂಬ ಊರಿನ ಕಡೆಯ ಒಬ್ಬ ಹುಡುಗಿ ಇದ್ದಳು. ಕುರಿಗಾರರ ಮನೆ. ಮಳೆಗಾಲ ಮುಗಿದರೆ ಅಪ್ಪ, ಕಾಕಾ ಕುರಿ ಹೊಡೆದುಕೊಂಡು ಊರೂರು ತಿರುಗುವವರು. ಅವಳು ಗಡಹಿಂಗ್ಲಜದಲ್ಲಿ ಬಿ.ಎಸ್ಸಿ. ಮಾಡಿದ್ದಳು. ಓಟದಲ್ಲಿ ಹುಡುಗರನ್ನು ಹಿಂದೆ ಹಾಕುತ್ತಿದ್ದಳು, ಬರೆಯುವ ಪರೀಕ್ಷೆಯನ್ನು ಎರಡು ಸಲ ದಾಟಿದ್ದಳು. ಎರಡು ಸಲವೂ ಆಯ್ಕೆ ಮಂಡಳಿ ಅವಳನ್ನು ಮೊದಲ ದಿನವೇ ಮನೆಗೆ ಕಳಿಸಿತ್ತು, ಕಾರಣ ಗುಂಪಿನಲ್ಲಿ ಅವಳು ಮಾತೇ ಆಡಿರಲಿಲ್ಲ. ಇನ್ನು ಉಳಿದದ್ದು ಒಂದೇ ಸಲ. ಮುಂದಿನ ತಿಂಗಳ ಕರೆ ತಪ್ಪಿದರೆ ವಯಸ್ಸಿನ ಮಿತಿ ಮುಗಿಯುತ್ತಿತ್ತು.

ಅವಳಿಗೆ ಮಾತು ಬರುವುದಿಲ್ಲ ಎಂದಲ್ಲ. ನನ್ನ ಜೊತೆ ಕನ್ನಡದಲ್ಲಿ ಬಸ್ ಸ್ಟ್ಯಾಂಡಿನ ತನಕ ಮಾತಾಡುತ್ತಿದ್ದಳು. ಎಲ್ಲರೂ ನನ್ನನ್ನು ಮ್ಯಾಡಂ ಎಂದರೆ ಅವಳು ಮಾತ್ರ ಊರ ಸಾಲೆಯ ರೂಢಿಯಂತೆ ಅಕ್ಕೋರ ಎನ್ನುತ್ತಿದ್ದಳು. ತೊಂದರೆ ಏನೆಂದರೆ ಅವಳು ತನ್ನ ಪಾಳಿಗಾಗಿ ಕಾಯುತ್ತಿದ್ದಳು. ಗುಂಪು ಚರ್ಚೆಯಲ್ಲಿ ಎಂಟು ಜನ ಒಮ್ಮೆಲೇ ಬಾಯಿ ಹಾಕುತ್ತಾರೆ. ಅಲ್ಲಿ ಪಾಳಿ ಎಂಬುದಿಲ್ಲ.

"ಕಿತಗೋಬೇಕವ್ವಾ, ಯಾರೂ ಕೊಡೂದಿಲ್ಲ," ಎಂದು ನಾನು ಹೇಳಿ ಹೇಳಿ ಸೋತಿದ್ದೆ.

"ಒಬ್ಬರು ಮಾತಾಡೂಮುಂದ ನಡುವ ಹೆಂಗ ಬಾಯಿ ಹಾಕೂದ್ರಿ ಅಕ್ಕೋರ?"

"ನನ್ನ ಮಾತಿನ ನಡುವ ಹಾಕ ನೋಡೂಣು."

"ನಿಮ್ಮ ನಡುವ ಜಾಗಾನ ಇರೂದಿಲ್ಲಲ್ರಿ," ಎಂದು ನಕ್ಕಿದ್ದಳು.

ಹೆಸರಿಡುವ ದಿನ ಬಂತು. ಪದ್ಧತಿ ಹೀಗೆ: ಹೆಸರು ಸೂಚಿಸುವವರು ಎದ್ದು ನಿಂತು ಹೆಸರು ಹೇಳಬೇಕು, ಒಂದು ನಿಮಿಷ ಅದರ ಪರವಾಗಿ ವಾದಿಸಬೇಕು, ಉಳಿದವರು ತಡೆಯಬಹುದು, ಚಪ್ಪಾಳೆ ಹೆಚ್ಚು ಬಿದ್ದ ಹೆಸರು ಗೆಲ್ಲುತ್ತದೆ. ಗೆದ್ದದ್ದನ್ನು ಪೇಂಟರ್ ಅಲ್ಲೇ ಗೋಡೆಯ ಫಲಕಕ್ಕೆ ಬರೆಯುತ್ತಾನೆ. ಸುಭೇದಾರರು ಮುಂಚೆಯೇ ಅವಳನ್ನು ಕರೆದು, "ಇವತ್ತ ಎದ್ದ ನಿಂತ ಒಂದ ಮಿನಿಟ ಮಾತಾಡ್ಬೇಕ ನೀ. ಇಲ್ಲೆ ನಮ್ಮ ಮುಂದನ ಆಗ್ಲಿಲ್ಲಂದ್ರ ಅಲ್ಲೆ ಆಗೂದಿಲ್ಲ, ತಿಳೀತಾ?" ಎಂದಿದ್ದರು. ಅವಳು "ಹೌದ್ರಿ" ಎಂದಿದ್ದಳು. ಅವಳು ಎಲ್ಲದಕ್ಕೂ ಹಾಗೇ ಎನ್ನುತ್ತಿದ್ದಳು.

ಮಧ್ಯಾಹ್ನ. ತಗಡು ಕಾದು ಶೆಡ್ಡಿನೊಳಗೆ ಎಲ್ಲರ ಮುಖ ಬೇಯುತ್ತಿತ್ತು. ಕೊಲ್ಹಾಪುರದ ಒಬ್ಬ ಹುಡುಗ, ಬ್ಯಾಚಿನ ದೊಡ್ಡ ಬಾಯಿ, 'ತುಫಾನ್' ಎಂದ. ಇನ್ನೊಬ್ಬ 'ರುದ್ರ' ಎಂದ. ಚಂದಗಡದವನೊಬ್ಬ 'ಗರುಡ' ಎಂದಾಗ ಹಿಂದಿನಿಂದ ಯಾರೋ ಕೋಳಿಯಂತೆ ಕೂಗಿದರು. ಪೇಂಟರ್ ಬ್ರಷ್ ಹಿಡಿದು ಗೋಡೆಗೆ ಒರಗಿ ನಿಂತಿದ್ದ, ಅವನಿಗೆ ಪೇಟೆಯಲ್ಲಿ ಯಾವುದೋ ಸೀರೆ ಅಂಗಡಿಯ ಫಲಕ ಅರ್ಧಕ್ಕೆ ಬಿಟ್ಟುಬಂದ ಚಿಂತೆ.

ಆಗ ಅವಳು ಎದ್ದಳು. ಎರಡೂ ಕೈ ತೊಡೆಗೆ ಒತ್ತಿ ನಿಂತು, "ಹಟ್ಟಿ," ಎಂದಳು.

ಎಂದು, ಉಸಿರು ತೆಗೆದುಕೊಂಡಳು. ಅಷ್ಟೇ ಸಾಕಾಯಿತು. ಮರಾಠಿಯಲ್ಲಿ ಹಟ್ಟೀ ಅಂದರೆ ಹಟಮಾರಿ. ಹಿಡಿದದ್ದನ್ನು ಬಿಡದವನು. ಕೊಲ್ಹಾಪುರದ ಹುಡುಗ ಕುರ್ಚಿ ಬಿಟ್ಟು ಹಾರಿದ. "ಹಟ್ಟೀ! ಹಟ್ಟೀ ಬ್ಯಾಚ್! ನಾದ್ ಖುಳಾ!" ಎಂದು ಕೂಗಿದ, ಅದು ಆ ಊರಿನವರು ಮೆಚ್ಚುಗೆ ಉಕ್ಕಿದಾಗ ಹಾಕುವ ಕೂಗು. ತನ್ನ ತುಫಾನ್ ಅವನಿಗೆ ಅಲ್ಲೇ ಮರೆತುಹೋಯಿತು. ಚಪ್ಪಾಳೆಗೆ ತಗಡು ನಡುಗಿತು. ಸುಭೇದಾರರು ನನ್ನ ಕಡೆ ತಿರುಗಿ, "ನೋಡ್ರಿ, ಒಂದ ಶಬ್ದದಾಗ ಮೈದಾನಾ ಗೆದ್ದಾಳ," ಎಂದರು. ಪೇಂಟರ್ ಸ್ಟೂಲು ಹತ್ತಿದ.

ಅವಳು ಇನ್ನೂ ನಿಂತೇ ಇದ್ದಳು. ಅವಳ ಒಂದು ನಿಮಿಷ ಶುರುವೇ ಆಗಿರಲಿಲ್ಲ.

ಇಡೀ ಶೆಡ್ಡಿನಲ್ಲಿ ಅವಳು ಹೇಳಿದ್ದು ಬೇರೆ ಶಬ್ದ ಎಂದು ಗೊತ್ತಿದ್ದವರು ಇಬ್ಬರೇ, ಅವಳು ಮತ್ತು ನಾನು. ಸುಭೇದಾರರಿಗೂ ಹೊಳೆಯಬೇಕಿತ್ತು, ಆದರೆ ಅವರು ಚಪ್ಪಾಳೆಯ ಖುಷಿಯಲ್ಲಿದ್ದರು. ಅವಳದು ಕನ್ನಡದ ಹಟ್ಟಿ. ಕುರಿ ಕೂಡಿಹಾಕುವ ಬಲೆಯ ಆವರಣ, ಅದರ ಪಕ್ಕದಲ್ಲಿ ಕುರಿಗಾರರ ಒಲೆ, ಕಂಬಳಿ, ಸಂಸಾರ. ಕೊನೆಯ ಇಕಾರ ಹ್ರಸ್ವವಾದರೆ ಕುರಿ, ದೀರ್ಘವಾದರೆ ಹಟ.

ನಾನು ಎದ್ದು ನಿಂತೆ. ಅವಳ ಮಾತು ಪೂರ್ತಿಯಾಗಲಿ ಎಂದು ಎದ್ದೆ ಅಂತ ಇಲ್ಲಿ ಬರೆದುಕೊಂಡರೆ ಚೆನ್ನಾಗಿರುತ್ತದೆ. ಆದರೆ ನಿಜ ಅದಲ್ಲ. ತಪ್ಪು ಅರ್ಥದ ಮೇಲೆ ಒಂದು ಮಾತು ಗೆಲ್ಲುವುದನ್ನು ನೋಡಿ ಸುಮ್ಮನಿರಲು ನನಗೆ ಬರುವುದಿಲ್ಲ, ಅದೊಂದು ರೋಗ. "ಒಂದು ತಿದ್ದುಪಡಿ," ಎಂದು ಮರಾಠಿಯಲ್ಲಿ ಹೇಳಿದೆ, ಸ್ಪರ್ಧೆಗಳ ದನಿಯಲ್ಲಿ. "ಅವರು ಹೇಳಿದ್ದು ಹಟಮಾರಿ ಎಂದಲ್ಲ. ಅದು ಕನ್ನಡ ಶಬ್ದ. ಕುರಿ ಹಟ್ಟಿ."

ಆಮೇಲೆ ಹಿಂದಿನ ಸಾಲಿನಿಂದ "ಬ್ಯಾ..." ಎಂದು ಶುರುವಾಯಿತು, ಮೂರು ಸಾಲು ಹಬ್ಬಿತು. "ಮೇಂಢರಾಂಚೀ ಬ್ಯಾಚ್!" ಎಂದ ಒಬ್ಬ, ಕುರಿಗಳ ಬ್ಯಾಚಂತೆ. "ಮಹಾರಾಷ್ಟ್ರದಲ್ಲಿ ನಿಂತು ಕಾನಡಿ ಹೆಸರು ಯಾಕೆ?" ಎಂದು ಕೊಲ್ಹಾಪುರದವನು ಕೈ ಎತ್ತಿದ. "ಹಾಗಾದರೆ ಚಪ್ಪಾಳೆ ಯಾಕೆ ಹೊಡೆದೆ?" ಎಂದು ಚಂದಗಡದವನು ಅವನ ಮೇಲೆ ಬಿದ್ದ. ಗರುಡ ಮತ್ತೆ ಎದ್ದಿತು, ರುದ್ರ ಎದ್ದಿತು. ಎಂಟು ಹತ್ತು ಜನ ಒಟ್ಟಿಗೆ ಕಿರುಚುತ್ತಿದ್ದರು. ಸುಭೇದಾರರು ಹಲ್ಲು ಕಚ್ಚಿ ನನ್ನ ಕಿವಿಯ ಹತ್ತಿರ, "ಏನ ಮಾಡಿದ್ರಿ ಮ್ಯಾಡಂ? ಸುಮ್ನ ಇದ್ರ ನಿಮ್ಮ ಗಂಟ ಏನ ಹೋಗತಿತ್ತು?" ಎಂದರು.

ನಾನು ಅವಳನ್ನು ನೋಡಿದೆ. ಕತ್ತು ಕೆಂಪಗಾಗಿತ್ತು. ಅವಳು ಮತ್ತೆ ತನ್ನ ಪಾಳಿಗಾಗಿ ಕಾಯುತ್ತಿದ್ದಳು. ಮುಗಿಯಿತು ಅಂದುಕೊಂಡೆ. ಎರಡು ಸಲ ಮಂಡಳಿ ಮಾಡಿದ್ದನ್ನು ಮೂರನೆಯ ಸಲ ನಾನೇ ಮಾಡಿಬಿಟ್ಟೆ.

ಸ್ಟೂಲಿನ ಮೇಲಿದ್ದ ಪೇಂಟರ್‌ಗೆ ಇದು ಯಾವುದೂ ಬೇಕಿರಲಿಲ್ಲ. ಮರಾಠಿ ಬರೆಯುವವರು ಹ್ರಸ್ವ ಇಕಾರಕ್ಕೆ ಮೊದಲ ವೇಲಾಂಟಿ, ದೀರ್ಘಕ್ಕೆ ಎರಡನೆಯ ವೇಲಾಂಟಿ ಎನ್ನುತ್ತಾರೆ. "ಮೊದಲನೇ ವೇಲಾಂಟಿಯೋ ಎರಡನೆಯದೋ, ಅದೊಂದು ಹೇಳಿ ಮುಗಿಸಿ! ಬಣ್ಣ ಕೈಮೇಲೆ ಇಳೀತಿದೆ," ಎಂದು ಅವನು ಗದರಿದ. ಗದರಿದ್ದು ನೇರವಾಗಿ ಅವಳಿಗೆ, ಯಾಕೆಂದರೆ ಹೆಸರು ಅವಳದು.

"ಎರಡನೇದು ಬರೀರಿ," ಎಂದಳು ಅವಳು. ಆಮೇಲೆ ನಿಲ್ಲಿಸಲಿಲ್ಲ. ಕಿರುಚಾಟ ಇನ್ನೂ ನಡೆದಿತ್ತು, ಅದರ ನಡುವೆಯೇ ಮರಾಠಿಯಲ್ಲಿ, ಕುರಿಗಳನ್ನು ಹೊಲದ ಆ ತುದಿಯಿಂದ ಕರೆಯುವವರ ದನಿಯಲ್ಲಿ, "ನನ್ನ ಒಂದು ನಿಮಿಷ ಇನ್ನೂ ಮುಗಿದಿಲ್ಲ. ಕೂತುಕೊಳ್ಳಿ," ಎಂದಳು. ಕೊಲ್ಹಾಪುರದವನು ಕೂತ. ನಾನು ನಿಂತೇ ಇದ್ದೆ. ನನ್ನ ಕಡೆ ತಿರುಗಿ ಕನ್ನಡದಲ್ಲಿ, "ಅಕ್ಕೋರ, ನೀವೂ ಕೂಡ್ರಿ," ಎಂದಳು.

ಕೂತೆ.

ಅವಳು ಹೇಳಿದ್ದು ಇಷ್ಟು. ನಮ್ಮ ಅಪ್ಪ ಒಂದು ಹೊಲದಲ್ಲಿ ಎರಡು ದಿನ ಹಟ್ಟಿ ಹಾಕುತ್ತಾನೆ, ಮೂರನೆಯ ದಿನ ಬಲೆ ಕಿತ್ತು ಮುಂದಿನ ಹೊಲಕ್ಕೆ. ನನ್ನ ಊರು ಯಾವುದು ಎಂದು ಸಾಲೆಯಲ್ಲಿ ಕೇಳಿದರೆ ಉತ್ತರ ಇರಲಿಲ್ಲ. ನಾಳೆ ನೀವೆಲ್ಲ ಅಧಿಕಾರಿಗಳಾದರೆ ಎರಡು ವರ್ಷಕ್ಕೊಮ್ಮೆ ನಿಮ್ಮನ್ನೂ ಕಿತ್ತು ಬೇರೆ ಕಡೆ ಹಾಕುತ್ತಾರೆ, ಆಗ ನಿಮಗೂ ಉತ್ತರ ಇರುವುದಿಲ್ಲ. ನನಗೆ ಅದು ರೂಢಿ ಇದೆ. ಕುರಿ ಅಂತ ನಗುತ್ತೀರಿ, ಹಟ್ಟಿಯಲ್ಲಿ ಕುರಿ ಒಂದೇ ಇರುವುದಿಲ್ಲ, ನಾಯಿ ಇರುತ್ತದೆ, ಕಾಯುವವರು ಇರುತ್ತಾರೆ. ನೀವು ಏನಾಗಲು ಬಂದಿದ್ದೀರಿ? ಎರಡನೆಯ ವೇಲಾಂಟಿಯನ್ನೇ ಬರೆಸಿ. ನೀವು ನಿಮ್ಮದು ಓದಿಕೊಳ್ಳಿ, ನಾನು ನನ್ನದು ಓದಿಕೊಳ್ಳುತ್ತೇನೆ.

ವಾದದಲ್ಲಿ ಸಡಿಲು ಇತ್ತು. ಸೈನ್ಯಕ್ಕೂ ಕುರಿ ಹಟ್ಟಿಗೂ ಇಟ್ಟ ಹೋಲಿಕೆಯನ್ನು ನಾನು ಎರಡು ಪ್ರಶ್ನೆಯಲ್ಲಿ ಬೀಳಿಸಬಹುದಿತ್ತು. ಬೀಳಿಸಲಿಲ್ಲ. ಚಪ್ಪಾಳೆ ಮೊದಲಿಗಿಂತ ಕಡಿಮೆ ಬಿತ್ತು, ಆದರೆ ರುದ್ರ ಗರುಡಗಳಿಗಿಂತ ಹೆಚ್ಚು. ಪೇಂಟರ್ ಎರಡನೆಯ ವೇಲಾಂಟಿ ಎಳೆದು ಇಳಿದುಹೋದ. ಬಸ್ ಸ್ಟ್ಯಾಂಡಿಗೆ ನಡೆಯುವಾಗ ನಾನು ತಪ್ಪಾಯಿತು ಎಂದು ಹೇಳಬೇಕೆಂದಿದ್ದೆ. ಅವಳೇ, "ಅಕ್ಕೋರ, ನಡುವ ಬಾಯಿ ಹಾಕಿದ್ನೆಲ್ರಿ," ಎಂದಳು. "ನಿಮ್ಮನ್ನೂ ಕೂಡ್ರಿಸಿದ್ನಿ ನೋಡ್ರಿ."

ಮುಂದಿನ ತಿಂಗಳು ಆ ಬ್ಯಾಚಿನವರು ಒಬ್ಬೊಬ್ಬರಾಗಿ ಬೇರೆ ಬೇರೆ ಊರಿನ ಮಂಡಳಿಗಳಿಗೆ ಹೋಗಿಬಂದರು. ಆಯ್ಕೆಯಾದದ್ದು ಕೊಲ್ಹಾಪುರದ ಹುಡುಗ ಒಬ್ಬನೇ. ಅವಳು ಈ ಸಲ ಮೊದಲ ದಿನ ದಾಟಿದಳು ಎಂಬ ಸುದ್ದಿ ಬಂತು. ಆಯ್ಕೆಯ ಕೊನೆಯ ದಿನವಾದ ಐದನೆಯ ದಿನ ನಾನು ಇಚಲಕರಂಜಿಯ ಮನೆಯಲ್ಲಿ ಅಪ್ಪನಿಗೆ ಊಟ ಬಡಿಸುತ್ತಿದ್ದಾಗ ಫೋನು ಬಂತು. ಹಿಂದೆ ರೈಲು ನಿಲ್ದಾಣದ ಗದ್ದಲ. ಇಲ್ಲಿ ಮಗ್ಗಗಳ ಗದ್ದಲ. ಇಬ್ಬರೂ ಕೂಗಿಯೇ ಮಾತಾಡಬೇಕಾಯಿತು.

"ಆಗ್ಲಿಲ್ರಿ ಅಕ್ಕೋರ. ನನ್ನ ನಂಬರ್ ಕರೀಲಿಲ್ಲ."

"ಗುಂಪಿನ್ಯಾಗ ಮಾತಾಡಿದಿ?"

"ನಾಕ ಸಲ ಮಾತಾಡಿದ್ನಿ. ಎಲ್ಲಾರೂ ಒದರಾಕತ್ತಿದ್ರು, ಒಬ್ಬಾಕಿ ಮಾತು ಯಾರೂ ಕೇಳವಲ್ಲರಾಗಿದ್ರು, ಆಕೀಗಿ ಜಾಗಾ ಮಾಡಿ ಕೊಟ್ನಿ."

"ಭಾಳ ಛಲೋ ಮಾಡಿದಿ."

"ಆಕೀದು ಆತ್ರಿ. ನಂದ ಆಗ್ಲಿಲ್ಲ. ಕಾರಣಾ ಏನೂ ಹೇಳೂದಿಲ್ರಿ ಅವ್ರು. ನೀವರೆ ಹೇಳ್ರಿ, ಏನ ತಪ್ಪಿತು?"

ನನ್ನ ಹತ್ತಿರ ಯಾವುದಕ್ಕಾದರೂ ಕಾರಣ ಇಲ್ಲದೇ ಇರುವುದಿಲ್ಲ. ಪರವಾಗಿ ಮೂರು, ವಿರೋಧವಾಗಿ ಮೂರು, ಸಮಯ ಉಳಿದರೆ ಇನ್ನೊಂದು. ಅಪ್ಪ ತಾಟಿನ ಮೇಲೆ ಕೈ ಅಡ್ಡ ಹಿಡಿದು ಸಾಕು ಎಂದು ಸನ್ನೆ ಮಾಡುತ್ತಿದ್ದರು, ನಾನು ಸಾರು ಸುರಿಯುತ್ತಲೇ ಇದ್ದೆನಂತೆ.

"ಗೊತ್ತಿಲ್ಲವ್ವಾ," ಎಂದೆ.

"ಏನಂದ್ರಿ? ಕೇಳಸವಲ್ತು."

"ನನಗ ಗೊತ್ತಿಲ್ಲ!" ಎಂದು ಕೂಗಿದೆ.

"ಹೌದ್ರಿ?" ಎಂದಳು. ಆಮೇಲೆ, "ಗಾಡಿ ಬಂತ್ರಿ, ಇಡತೇನಿ," ಎಂದು ಇಟ್ಟಳು.