ಮಿಡಿದ ಗೋಡೆ

ಇಂಥದ್ದನ್ನು ಯಾರಾದರೂ ಹೇಳಿದರೆ ಮುಖದೆದುರೇ ನಗುತ್ತಿದ್ದವನು ನಾನು. ಸಿವಿಲ್ ಎಂಜಿನಿಯರ್, ಅಳತೆಗೆ ಸಿಗದದ್ದನ್ನು ನಂಬಿದವನಲ್ಲ. ಈಗ ನಗುವ ಸರದಿ ನಿಮ್ಮದು, ಧಾರಾಳವಾಗಿ ನಗಿ.

ಕೆಲವು ವರ್ಷಗಳ ಹಿಂದೆ, ಗಲ್ಫಿನಲ್ಲಿದ್ದಾಗ, ದುಖಾನ್ ಎಂಬ ತೈಲಪಟ್ಟಣದ ಹಳೆಯ ಪಂಪ್‌ಹೌಸೊಂದನ್ನು ಉಳಿಸಬೇಕೋ ಕೆಡವಬೇಕೋ ಎಂದು ವರದಿ ಕೊಡಲು ನನ್ನನ್ನು ಕಳಿಸಿದ್ದರು. ಸುಣ್ಣಕಲ್ಲಿನ ದಪ್ಪ ಗೋಡೆ, ಎರಡಾಳೆತ್ತರದ ಕಿಟಕಿಗಳು, ಬಿಸಿಗಾಳಿ ಹೊರಹೋಗಲು ಸೂರಿನಡಿ ಸಾಲು ಕಿಂಡಿ. ಪಂಪುಗಳನ್ನು ಎಂದೋ ಕಿತ್ತೊಯ್ದಿದ್ದರು. ನೆಲದಲ್ಲಿ ಬೋಲ್ಟಿನ ತೂತುಗಳಷ್ಟೇ ಉಳಿದಿದ್ದವು. ಒಂದು ಗೋಡೆಯಲ್ಲಿ ಎರಡಾಳುದ್ದದ ಬಿರುಕು. ಕೆಡವುವುದೇ ಸರಿ ಎಂದು ಬಾಗಿಲಲ್ಲೇ ತೀರ್ಮಾನಿಸಿಬಿಟ್ಟೆ.

ನಮ್ಮ ಡ್ರೈವರ್, ಉಳ್ಳಾಲದ ಹಮೀದಾಕ, ಚಪ್ಪಲಿ ಬಿಟ್ಟು ಒಳಗೆ ಬಂದರು. ಅವರ ತಂದೆ ಇಲ್ಲಿ ಪಂಪಿಗೆ ಗ್ರೀಸ್ ಹಚ್ಚುವ ಕೆಲಸದಲ್ಲಿದ್ದರಂತೆ.

"ತಂದೆ ಮೀಟರ್ ನೋಡ್ತಿರ್ಲಿಲ್ಲ ಸರ್. ಗೋಡೆಗೆ ಕೈ ಇಟ್ರೆ ಸಾಕು, ಯಾವ ಪಂಪಿಗೆ ಸೌಖ್ಯ ಇಲ್ಲ ಅಂತ ಗೊತ್ತಾಗ್ತಿತ್ತು" ಎಂದರು. ಆಮೇಲೆ ಮೆಲ್ಲಗೆ, "ಅವರ ನೆನಪಿಗೆ ಅಂತ ಇಲ್ಲಿ ಇದೊಂದೇ ಉಂಟು. ಸ್ವಲ್ಪ ನೋಡಿ ಬರೀರಿ ಮಾರಾಯ್ರೆ."

ನನಗೆ ಮುಜುಗರವಾಯಿತು. ಅವರು ನೀರು ತರಲು ಗಾಡಿಗೆ ಹೋದಾಗ ತಮಾಷೆಗೆಂದು ಗೋಡೆಗೆ ಅಂಗೈ ಒತ್ತಿದೆ.

ಗೋಡೆ ಮಿಡಿಯುತ್ತಿತ್ತು. ಸಣ್ಣಗೆ, ಒಂದೇ ಲಯದಲ್ಲಿ. ಕೈ ತೆಗೆಯದೆ ಗೋಡೆಗುಂಟ ನಡೆದೆ. ಬಿರುಕಿನ ಹತ್ತಿರ ಮಿಡಿತ ನಿಂತಿತು; ಒಂದು ಮಾರು ಆಚೆ ಮತ್ತೆ ಶುರುವಾಯಿತು. ಮಿಡಿತ ನಿಂತ ಜಾಗವನ್ನು ಸುತ್ತಿಗೆಯಿಂದ ತಟ್ಟಿದರೆ ಟೊಳ್ಳು ಸದ್ದು. ಗಾರೆ ಕೆದಕಿ ನೋಡಿದರೆ ಅಲ್ಲೊಂದು ಕಿಟಕಿ! ಅದನ್ನು ಯಾರೋ ಆಮೇಲೆ ಸಿಮೆಂಟ್ ಬ್ಲಾಕ್ ತುಂಬಿ ಮುಚ್ಚಿದ್ದರು. ಬಿರುಕು ಬಿಟ್ಟದ್ದು ಆ ತೇಪೆ ಮಾತ್ರ. ಹಳೆಯ ಗೋಡೆ ಗಟ್ಟಿಮುಟ್ಟಾಗಿತ್ತು.

ಹತ್ತಿರದಲ್ಲಿ ಜನರೇಟರ್, ಪೈಪ್‌ಲೈನ್ ಏನಾದರೂ ಇದೆಯೇ ಎಂದು ಸುತ್ತೆಲ್ಲ ಹುಡುಕಿದೆ. ಏನೂ ಇರಲಿಲ್ಲ. ‘ಉಳಿಸಬಹುದು’ ಎಂದು ವರದಿ ಬರೆದೆ. ಮಿಡಿತದ ಸಂಗತಿ ಬರೆಯಲಿಲ್ಲ, ಹಮೀದಾಕನಿಗೂ ಹೇಳಲಿಲ್ಲ. ನಾಚಿಕೆ, ಇನ್ನೇನು.

ಕಳೆದ ಚಳಿಗಾಲದಲ್ಲಿ ರಿಪೇರಿ ಮುಗಿದು ಕಟ್ಟಡ ಜನರಿಗೆ ತೆರೆಯಿತು. ಆ ಕಿಟಕಿಯನ್ನೂ ಬಿಚ್ಚಿದ್ದರು. ನೆಲದ ಮೇಲೆ ಉದ್ದಕ್ಕೆ ಬಿಸಿಲು ಬಿದ್ದಿತ್ತು. ಅಲ್ಲೇ ನಿಂತು ಹಮೀದಾಕನಿಗೆ ಎಲ್ಲ ಹೇಳಿಬಿಟ್ಟೆ. ಅವರು ನಗಲಿಲ್ಲ. ಇಬ್ಬರೂ ಗೋಡೆಗೆ ಕೈ ಇಟ್ಟೆವು. ಎಷ್ಟು ಹೊತ್ತು ನಿಂತರೂ ಬರೀ ತಣ್ಣನೆಯ ಕಲ್ಲು.

"ತಂದೆಯ ಡ್ಯೂಟಿ ಖಲಾಸ್ ಸರ್" ಎಂದು ಅವರು ಕಣ್ಣೊರೆಸಿಕೊಂಡು ನಕ್ಕರು.

ಇದಕ್ಕಿಂತ ಒಳ್ಳೆಯ ವಿವರಣೆ ನನಗೆ ಇಂದಿಗೂ ಸಿಕ್ಕಿಲ್ಲ.